ಶಿವಮೊಗ್ಗ–ಸಾಗರ ಮಿರರ್ 9 ದಿನ ಹಿಂದೆ ಬಿದ್ದಿದೆ: ಪಿಂಗ್ ಹೋಗುತ್ತೆ, ಡೇಟಾ ಹೋಗಲ್ಲ

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ನ್ಯಾಪ್‌ಮಿರರ್‌ನಲ್ಲಿ (ಒಂದು ಸ್ಟೋರೇಜ್‌ನ ಡೇಟಾವನ್ನು ದೂರದ ಇನ್ನೊಂದಕ್ಕೆ ನಕಲು ಮಾಡುವ ನೆಟ್‌ಆ್ಯಪ್ ಸೌಲಭ್ಯ) ಪಳಗಿದವರು ಯಾರಾದ್ರೂ ದಾರಿ ತೋರಿಸಬೇಕು, ಸ್ವಲ್ಪ ತುರ್ತು ಇದೆ.

ಶಿವಮೊಗ್ಗದ ಮುಖ್ಯ ಕಚೇರಿಯಲ್ಲಿ ಎರಡು ನೋಡ್‌ನ (ಕಂಟ್ರೋಲರ್‌ನ) ನೆಟ್‌ಆ್ಯಪ್ ಸ್ಟೋರೇಜ್ ಕ್ಲಸ್ಟರ್ ಇದೆ, ಸಾಗರದ ಶಾಖೆಯಲ್ಲಿ ಇನ್ನೊಂದು, ಅದೂ ಎರಡು ನೋಡ್‌ನದು. ಎರಡರಲ್ಲೂ ಓಡೋದು ಆನ್‌ಟ್ಯಾಪ್ 9 (ನೆಟ್‌ಆ್ಯಪ್‌ನ ಆಪರೇಟಿಂಗ್ ಸಿಸ್ಟಮ್). ದಿನಾ ರಾತ್ರಿ 11ಕ್ಕೆ ಮೂರು ವಾಲ್ಯೂಮ್ (ಡೇಟಾ ಇಡೋ ವಿಭಾಗ) ಸಾಗರಕ್ಕೆ ಮಿರರ್ ಆಗಬೇಕು. ಪಾಲಿಸಿ ಮಿರರ್‌ಆಲ್‌ಸ್ನ್ಯಾಪ್‌ಶಾಟ್ಸ್, ಅಂದ್ರೆ ಎಲ್ಲ ಸ್ನ್ಯಾಪ್‌ಶಾಟ್‌ಗಳೂ (ವಾಲ್ಯೂಮ್ ಆಯಾ ಕ್ಷಣದಲ್ಲಿ ಹೇಗಿತ್ತು ಅನ್ನೋ ಪ್ರತಿಗಳು) ಹೋಗುತ್ತೆ. ಒಂದರಲ್ಲಿ ಹಳೆ ಲೆಕ್ಕದ ಪುಸ್ತಕಗಳ ಸ್ಕ್ಯಾನ್, ಇನ್ನೊಂದರಲ್ಲಿ ಮುಚ್ಚಿಹೋದ ವರ್ಷಗಳ ಡೇಟಾ. ಇವೆರಡೂ ಹೆಚ್ಚೂಕಮ್ಮಿ ಬದಲಾಗೋದೇ ಇಲ್ಲ. ಮೂರನೆಯದು ದಿನನಿತ್ಯದ ಕೆಲಸದ್ದು: 6 ಟಿಬಿ ತುಂಬಿದೆ, ದಿನಕ್ಕೆ ಸುಮಾರು 45 ಜಿಬಿ ಬದಲಾಗುತ್ತೆ.

ಆರಿದ್ರಾ ಮಳೆ ಹಿಡಿದ ವಾರ ಆಯನೂರಿನ ಆಚೆ ನಮ್ಮ 100 ಎಂಬಿಪಿಎಸ್ ಲೀಸ್ಡ್ ಲೈನ್‌ನ ಕೇಬಲ್ ತುಂಡಾಯ್ತು. ಅವತ್ತಿಂದ ಬದಲಿ ದಾರಿಯಲ್ಲಿ ಓಡ್ತಿದೆ: ಎರಡೂ ಕಡೆ 50 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್, ಮೇಲೆ ಐಪಿಸೆಕ್ ಟನಲ್ (ಇಂಟರ್ನೆಟ್ ಮೇಲೆ ಗೂಢಲಿಪಿಯ ಖಾಸಗಿ ದಾರಿ). ಚಿಕ್ಕ ಎರಡು ವಾಲ್ಯೂಮ್ ದಿನಾ ಸರಿಯಾಗಿ ಮುಗಿಯುತ್ತೆ. ದೊಡ್ಡದು ಮಾತ್ರ 'ಟ್ರಾನ್ಸ್‌ಫರಿಂಗ್' ಅಂತ ಗಂಟೆಗಟ್ಟಲೆ ನಿಂತು ಕೊನೆಗೆ ಫೇಲ್ ಆಗುತ್ತೆ. ಲ್ಯಾಗ್ ಟೈಮ್ (ಸಾಗರದ ಪ್ರತಿ ಎಷ್ಟು ಹಿಂದಿದೆ ಅನ್ನೋದು) ಈಗ 217 ಗಂಟೆ. ಪಿಂಗ್ ಆರಾಮಾಗಿ ಹೋಗ್ತಿದೆ, ಕ್ಲಸ್ಟರ್ ಪಿಯರ್ (ಎರಡು ಕ್ಲಸ್ಟರ್‌ನ ಜೋಡಣೆ) 'ಅವೈಲಬಲ್' ಅಂತಾನೇ ತೋರಿಸ್ತಿದೆ.

ಇದರ ಜತೆ ಶಿವಮೊಗ್ಗದ ಅಗ್ರಿಗೇಟ್ (ವಾಲ್ಯೂಮ್‌ಗಳು ಕೂತಿರೋ ಡಿಸ್ಕ್ ಗುಂಪು) ಶೇ 91 ತುಂಬಿದೆ. ಹಳೆ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ, ಮಿರರ್ ಸಂಬಂಧವನ್ನು ಡಿಲೀಟ್ ಮಾಡಿ, ಹೊಸದಾಗಿ ಇನಿಶಿಯಲೈಸ್ (ಮೊದಲಿಂದ ಪೂರ್ತಿ ನಕಲು) ಮಾಡೋಣ ಅಂತ ಮೇಲಿನವರು ಹೇಳ್ತಿದ್ದಾರೆ. ಮಾಡಬಹುದಾ?

---

ಕಾನುಮನೆ

ಬೇಡ ಸರ್. ಮೊದಲು ಅದನ್ನು ನಿಲ್ಲಿಸಿ, ಆಮೇಲೆ ಉಳಿದದ್ದು ಓದಿ.

ಸ್ನ್ಯಾಪ್‌ಮಿರರ್ ಬರೀ ಬದಲಾದ ಬ್ಲಾಕ್‌ಗಳನ್ನು ಕಳಿಸಬೇಕಾದ್ರೆ ಎರಡೂ ಕಡೆ ಒಂದೇ ಸ್ನ್ಯಾಪ್‌ಶಾಟ್ ಇರಬೇಕು. ಅದು ಗಡಿಕಲ್ಲು ಇದ್ದ ಹಾಗೆ. ಶಿವಮೊಗ್ಗದಲ್ಲಿ ಆ ಕಲ್ಲು ಕಿತ್ತರೆ ಅಳತೆ ಮತ್ತೆ ಮೊದಲಿಂದ ಹಿಡಿಯಬೇಕು, ಅಂದ್ರೆ ಪೂರ್ತಿ 6 ಟಿಬಿ. ಆ 50 ಎಂಬಿಪಿಎಸ್ ಟನಲ್‌ನಲ್ಲಿ ನಿಮ್ಮ ಕೈಗೆ 40 ಸಿಕ್ಕಿತು ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 5 ಎಂಬಿ. 6 ಟಿಬಿಗೆ 12 ಲಕ್ಷ ಸೆಕೆಂಡ್, ಹತ್ತಿರ ಹತ್ತಿರ 14 ದಿನ. ಅದೂ ಲೈನ್ ಒಂದು ನಿಮಿಷವೂ ಬೀಳದಿದ್ದರೆ. ಈಗ ಬಾಕಿ ಇರೋದು 9 ದಿನದ ಬದಲಾವಣೆ, 45 ಗುಣಿಸು 9, ಸುಮಾರು 405 ಜಿಬಿ. ಅದೇ ವೇಗದಲ್ಲಿ 22–23 ಗಂಟೆ ಕೆಲಸ. ಮಿರರ್ ಹಾಳಾಗಿಲ್ಲ, ಹಿಂದೆ ಬಿದ್ದಿದೆ ಅಷ್ಟೆ.

ಗಡಿಕಲ್ಲು ಯಾವುದು ಅಂತ ಗುರುತು ಮಾಡ್ಕೊಳ್ಳಿ. ಸಾಗರದ ಕ್ಲಸ್ಟರ್‌ನಲ್ಲಿ:

ಸ್ನ್ಯಾಪ್‌ಮಿರರ್ ಶೋ -ಫೀಲ್ಡ್ಸ್ ಸ್ಟೇಟ್,ಸ್ಟೇಟಸ್,ಲ್ಯಾಗ್-ಟೈಮ್,ಎಕ್ಸ್‌ಪೋರ್ಟೆಡ್-ಸ್ನ್ಯಾಪ್‌ಶಾಟ್,ಅನ್‌ಹೆಲ್ದಿ-ರೀಸನ್

'ಎಕ್ಸ್‌ಪೋರ್ಟೆಡ್' ಕೆಳಗೆ ಬರುವ ಹೆಸರನ್ನು ಕಾಗದದ ಮೇಲೆ ಬರೆದಿಡಿ. ಅದೇ ಹೆಸರು ಶಿವಮೊಗ್ಗದಲ್ಲಿ 'ವಾಲ್ಯೂಮ್ ಸ್ನ್ಯಾಪ್‌ಶಾಟ್ ಶೋ' ಕೊಟ್ಟಾಗ ಸಿಗಬೇಕು. ಸಿಕ್ಕರೆ ನೀವು ಸುರಕ್ಷಿತ. ಆ ಹೆಸರನ್ನು ಕಚೇರಿಯಲ್ಲಿ ಸ್ಟೋರೇಜ್‌ಗೆ ಲಾಗಿನ್ ಇರುವ ಪ್ರತಿಯೊಬ್ಬರಿಗೂ ಇವತ್ತೇ ತಿಳಿಸಿ, ಯಾರೂ ಮುಟ್ಟಬಾರದು.

'ಡಿಲೀಟ್ ಮಾಡಿ ಹೊಸದಾಗಿ' ಅನ್ನೋದರಲ್ಲಿ ಇನ್ನೊಂದು ಅಪಾಯ ಇದೆ. ಸಾಗರದಲ್ಲಿ 'ಸ್ನ್ಯಾಪ್‌ಮಿರರ್ ಡಿಲೀಟ್' ಕೊಟ್ಟರೆ ಸ್ನ್ಯಾಪ್‌ಶಾಟ್ ಹೋಗಲ್ಲ. ಆದರೆ ಆಮೇಲೆ ಶಿವಮೊಗ್ಗದಲ್ಲಿ ರೂಢಿಯ ಪ್ರಕಾರ 'ಸ್ನ್ಯಾಪ್‌ಮಿರರ್ ರಿಲೀಸ್' ಕೊಡ್ತಾರಲ್ಲ, ಅದು ಮೂಲದ ಕಡೆಯ ಬೇಸ್ ಸ್ನ್ಯಾಪ್‌ಶಾಟ್‌ಗಳನ್ನೂ (ಅದೇ ಗಡಿಕಲ್ಲು) ಗುಡಿಸಿ ಹಾಕುತ್ತೆ. ಎಂದಾದರೂ ರಿಲೀಸ್ ಮಾಡಲೇಬೇಕಾಗಿ ಬಂದರೆ '-ರಿಲೇಷನ್‌ಶಿಪ್-ಇನ್ಫೋ-ಓನ್ಲಿ ಟ್ರೂ' ಸೇರಿಸಿ, ಆಗ ಬರೀ ದಾಖಲೆ ಹೋಗುತ್ತೆ, ಸ್ನ್ಯಾಪ್‌ಶಾಟ್ ಉಳಿಯುತ್ತೆ.

ಶೇ 91ಕ್ಕೂ ಇದೇ ಕಾರಣ ಇರಬಹುದು. ಬೇಸ್ ಸ್ನ್ಯಾಪ್‌ಶಾಟ್ 9 ದಿನದಿಂದ ಹಳೆ ಬ್ಲಾಕ್‌ಗಳನ್ನು ಹಿಡ್ಕೊಂಡು ಕೂತಿದೆ, ಅವು ಬಿಡುಗಡೆ ಆಗ್ತಿಲ್ಲ. ಮಿರರ್ ಓಡಿದರೆ ತಾನಾಗೇ ಇಳಿಯುತ್ತೆ. ಅಲ್ಲಿಯವರೆಗೆ ಜಾಗ ಬೇಕಾದ್ರೆ ಬೇಸ್‌ಗಿಂತ ಹಳೆಯದಾದ ದಿನವಹಿ, ವಾರದ ಸ್ನ್ಯಾಪ್‌ಶಾಟ್‌ಗಳನ್ನು ಆರಿಸಿ. ಅಳಿಸುವ ಮುಂಚೆ 'ವಾಲ್ಯೂಮ್ ಸ್ನ್ಯಾಪ್‌ಶಾಟ್ ಕಂಪ್ಯೂಟ್-ರೀಕ್ಲೇಮಬಲ್' ಕೊಟ್ಟರೆ ಎಷ್ಟು ಜಾಗ ನಿಜವಾಗಿ ವಾಪಸ್ ಬರುತ್ತೆ ಅಂತ ಲೆಕ್ಕ ಕೊಡುತ್ತೆ. ಎಷ್ಟೋ ಸಲ ಹತ್ತು ಸ್ನ್ಯಾಪ್‌ಶಾಟ್ ಅಳಿಸಿದರೂ 3 ಜಿಬಿ ಬರುತ್ತೆ, ಯಾಕೆಂದ್ರೆ ಅದೇ ಬ್ಲಾಕ್‌ಗಳನ್ನು ಪಕ್ಕದ ಸ್ನ್ಯಾಪ್‌ಶಾಟ್ ಹಿಡಿದಿರುತ್ತೆ.

ಇನ್ನೊಂದನ್ನು ಇವತ್ತೇ ನೋಡಿ: 'ವಾಲ್ಯೂಮ್ ಸ್ನ್ಯಾಪ್‌ಶಾಟ್ ಆಟೋಡಿಲೀಟ್ ಶೋ'. ಅದು ಆನ್ ಇದ್ದು 'ಕಮಿಟ್‌ಮೆಂಟ್' ಅನ್ನೋ ಜಾಗದಲ್ಲಿ 'ಟ್ರೈ' ಇದ್ದರೆ ಮಿರರ್ ಹಿಡಿದ ಸ್ನ್ಯಾಪ್‌ಶಾಟ್ ಮುಟ್ಟಲ್ಲ. 'ಡಿಸ್‌ರಪ್ಟ್' ಇದ್ದರೆ ಜಾಗ ಮುಗಿಯುತ್ತಿದ್ದ ಹಾಗೆ ಗಡಿಕಲ್ಲನ್ನೂ ಎತ್ತಿ ಹಾಕುತ್ತೆ, ಯಾರಿಗೂ ಹೇಳದೆ ಕೇಳದೆ. ತಕ್ಷಣ 'ಟ್ರೈ'ಗೆ ಬದಲಿಸಿ.

---

ಗುಡ್ಡದ_ಲೈನ್

ಕಾನುಮನೆಯವರು ಸ್ಟೋರೇಜ್ ಕಡೆ ಹೇಳಿದ್ದು ಪೂರ್ತಿ ಸರಿ. ನಾನು ಲೈನ್ ಕಡೆ ಹೇಳ್ತೀನಿ.

'ಪಿಂಗ್ ಹೋಗುತ್ತೆ, ಡೇಟಾ ಹೋಗಲ್ಲ, ಟನಲ್‌ಗೆ ಬದಲಾದ ದಿನದಿಂದ ಶುರು.' ಈ ಮೂರೂ ಒಟ್ಟಿಗೆ ಬಂದರೆ ನಾನು ಮೊದಲು ನೋಡೋದು ಎಂಟಿಯು (ದಾರಿಯಲ್ಲಿ ಹಿಡಿಸುವ ಅತಿ ದೊಡ್ಡ ಪ್ಯಾಕೆಟ್‌ನ ಅಳತೆ). ಲೀಸ್ಡ್ ಲೈನ್‌ನಲ್ಲಿ 1500 ಬೈಟಿನ ಪ್ಯಾಕೆಟ್ ಇಡಿಯಾಗಿ ಹೋಗ್ತಿತ್ತು. ಐಪಿಸೆಕ್ ತನ್ನ ಹೆಡರ್ ಸೇರಿಸುತ್ತೆ, ಬ್ರಾಡ್‌ಬ್ಯಾಂಡ್ ಪಿಪಿಪಿಒಇ (ಲಾಗಿನ್ ಕೊಟ್ಟು ಸೇರುವ ವಿಧಾನ) ಆಗಿದ್ದರೆ ಅದರದ್ದು ಇನ್ನು 8 ಬೈಟ್. ಒಳಗೆ ಉಳಿಯೋದು 1400ರ ಆಸುಪಾಸು. ದೊಡ್ಡ ಪ್ಯಾಕೆಟ್ ಬಂದಾಗ ಫೈರ್‌ವಾಲ್ 'ಇದು ಹಿಡಿಸಲ್ಲ, ಚಿಕ್ಕದು ಮಾಡಿ ಕಳಿಸು' ಅಂತ ಐಸಿಎಂಪಿ ಸಂದೇಶ ವಾಪಸ್ ಕಳಿಸಬೇಕು. ನಡುವೆ ಯಾರಾದ್ರೂ ಐಸಿಎಂಪಿ ತಡೆದಿದ್ದರೆ ಆ ಮಾತು ಶಿವಮೊಗ್ಗಕ್ಕೆ ಮುಟ್ಟೋದೇ ಇಲ್ಲ. ಸ್ಟೋರೇಜ್ ಅದೇ ದೊಡ್ಡ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತೆ, ಅದು ಮತ್ತೆ ಮತ್ತೆ ಬೀಳುತ್ತೆ.

ಚಿಕ್ಕ ವಾಲ್ಯೂಮ್‌ಗಳು ಯಾಕೆ ಮುಗಿಯುತ್ತೆ ಅಂದ್ರೆ ಅವುಗಳಲ್ಲಿ ಕಳಿಸೋಕೆ ಏನೂ ಇಲ್ಲ. ಬರೀ ಮಾತುಕತೆಯ ಚಿಕ್ಕ ಪ್ಯಾಕೆಟ್‌ಗಳು ಹೋಗಿ ಬಂದು 'ಮುಗೀತು' ಅನ್ನುತ್ತೆ. ಅದನ್ನು ನೋಡಿ ಲೈನ್ ಸರಿ ಇದೆ ಅಂದುಕೊಳ್ಳೋಕಾಗಲ್ಲ. ನಿಮ್ಮ ಸಾಮಾನ್ಯ ಪಿಂಗ್ ಕೂಡ ನೂರು ಬೈಟ್ ಇರಲ್ಲ.

ಶಿವಮೊಗ್ಗದ ಕ್ಲಸ್ಟರ್‌ನಿಂದಲೇ, ಇಂಟರ್‌ಕ್ಲಸ್ಟರ್ ಲಿಫ್‌ನ (ಎರಡು ಕ್ಲಸ್ಟರ್ ಪರಸ್ಪರ ಮಾತಾಡೋ ನೆಟ್‌ವರ್ಕ್ ಇಂಟರ್‌ಫೇಸ್‌ನ) ಹೆಸರು ಹಾಕಿ ಪಿಂಗ್ ಮಾಡಿ. ಲ್ಯಾಪ್‌ಟಾಪ್‌ನಿಂದ ಮಾಡಿದ್ದು ಲೆಕ್ಕಕ್ಕಿಲ್ಲ, ಅದು ಬೇರೆ ದಾರಿಯಲ್ಲಿ ಹೋಗಬಹುದು.

ನೆಟ್‌ವರ್ಕ್ ಪಿಂಗ್ -ವಿಸರ್ವರ್ (ಕ್ಲಸ್ಟರ್ ಹೆಸರು) -ಲಿಫ್ (ಲಿಫ್ ಹೆಸರು) -ಡೆಸ್ಟಿನೇಶನ್ (ಸಾಗರದ ಲಿಫ್ ಐಪಿ) -ಪ್ಯಾಕೆಟ್-ಸೈಜ್ 1472 -ಡಿಸ್‌ಅಲೋ-ಫ್ರಾಗ್‌ಮೆಂಟ್ ಟ್ರೂ

1472 ಯಾಕೆ ಅಂದ್ರೆ 1500ರಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಕಳೆದದ್ದು. ಅದು ಬೀಳುತ್ತೆ ಅಂತ ನನ್ನ ಅಂದಾಜು. ಆಮೇಲೆ 1372 ಕೊಡಿ. ಹೋದರೆ ದಾರಿಯ ಎಂಟಿಯು ಕನಿಷ್ಠ 1400. ನಡುವಿನ ಸಂಖ್ಯೆಗಳನ್ನು ಹತ್ತು ಹತ್ತು ಏರಿಸಿ ನೋಡಿ, ನಿಖರವಾದ ಮಿತಿ ಸಿಗುತ್ತೆ.

ಇದರ ಜತೆ 'ಕ್ಲಸ್ಟರ್ ಪಿಯರ್ ಪಿಂಗ್' ಕೊಡಿ. ಎರಡು ನೋಡ್, ಎರಡು ನೋಡ್: ಒಟ್ಟು ನಾಲ್ಕು ಜೋಡಿ, ನಾಲ್ಕೂ ಹೋಗಬೇಕು. ಬದಲಿ ದಾರಿಗೆ ಫೈರ್‌ವಾಲ್ ರೂಲ್ ಬರೆಯುವಾಗ ಗಡಿಬಿಡಿಯಲ್ಲಿ ಒಂದೇ ನೋಡ್‌ನ ಐಪಿ ಹಾಕಿರೋದು ಎಲ್ಲ ಕಡೆ ಆಗುವ ತಪ್ಪು. ಆಗ ಒಂದು ನೋಡ್‌ನ ವಾಲ್ಯೂಮ್ ಹೋಗುತ್ತೆ, ಇನ್ನೊಂದರದ್ದು ಹೋಗಲ್ಲ. ಬಾಗಿಲು (ಪೋರ್ಟ್) ತೆರೆದಿರಬೇಕಾದ್ದು ಟಿಸಿಪಿ 11104, 11105, 443, ಮತ್ತೆ ಐಸಿಎಂಪಿ, ಎರಡೂ ದಿಕ್ಕಿಗೆ. 11104 ಮಾತುಕತೆಗೆ, 11105 ಡೇಟಾಕ್ಕೆ. ಮೊದಲನೆಯದು ಮಾತ್ರ ತೆರೆದಿದ್ದರೂ ಪಿಯರ್ 'ಅವೈಲಬಲ್' ಅಂತ ಕಾಣಬಹುದು.

ಅದೇ ಕೈಯಲ್ಲಿ ಒಂದು ಸಾವಿರ ಪಿಂಗ್ ಕಳಿಸಿ ಎಷ್ಟು ಬೀಳುತ್ತೆ, ಹೋಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಅಂತ ಬರೆಯಿರಿ.

---

ತುಂಗಾತೀರ

ಇಬ್ಬರಿಗೂ ತುಂಬ ಉಪಕಾರ ಆಯ್ತು. ಇನಿಶಿಯಲೈಸ್ ಮಾತು ನಿಲ್ಲಿಸಿದ್ದೇನೆ. ಫಲಿತಾಂಶ ಇಲ್ಲಿದೆ:

ಎಕ್ಸ್‌ಪೋರ್ಟೆಡ್ ಸ್ನ್ಯಾಪ್‌ಶಾಟ್ ಎರಡೂ ಕಡೆ ಇದೆ. ಆಟೋಡಿಲೀಟ್ ಆನ್ ಇತ್ತು, ಕಮಿಟ್‌ಮೆಂಟ್ 'ಡಿಸ್‌ರಪ್ಟ್' ಅಂತಲೇ ಇತ್ತು. ಬದಲಿಸಿದೆ.

1472 ಬಿತ್ತು. 1372 ಹೋಯ್ತು. 1382ಕ್ಕೆ ಬಿತ್ತು.

ನಾಲ್ಕು ಜೋಡಿಯೂ ಪಿಂಗ್ ಆಗುತ್ತೆ. ಹೋಗಿ ಬರೋ ಸಮಯ 21 ಮಿಲಿಸೆಕೆಂಡ್. ಸಾವಿರದಲ್ಲಿ 9 ಬೀಳುತ್ತೆ.

ಇನ್ನೊಂದು ಕಂಡಿತು: ಈ ಸಂಬಂಧದ ಥ್ರಾಟಲ್ (ವೇಗದ ಮಿತಿ) 1024 ಅಂತಿದೆ. ಹಿಂದೆ ಇದ್ದವರು 10 ಎಂಬಿಪಿಎಸ್ ಅಂದುಕೊಂಡು ಹಾಕಿದ್ದಂತೆ. ಇದು ಸಮಸ್ಯೆನಾ?

---

ಗುಡ್ಡದ_ಲೈನ್

1372 ಹೋಗಿ 1382 ಬಿತ್ತು ಅಂದ್ರೆ ದಾರಿಯ ಎಂಟಿಯು 1400ರಿಂದ 1409ರ ಒಳಗೆ. 1400 ಅಂತ ಹಿಡಿಯಿರಿ.

ಪರಿಹಾರ ಎರಡು ಇದೆ, ಒಂದನ್ನೇ ಮಾಡಿ. ಎರಡೂ ಕಡೆಯ ಫೈರ್‌ವಾಲ್‌ನಲ್ಲಿ ಟನಲ್ ಇಂಟರ್‌ಫೇಸ್ ಮೇಲೆ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ಹೋಗೋ ಡೇಟಾ ತುಂಡಿನ ಗರಿಷ್ಠ ಅಳತೆ) 1360ಕ್ಕೆ ಕಟ್ಟಿ. 1400ರಲ್ಲಿ ಐಪಿಯ 20, ಟಿಸಿಪಿಯ 20 ಕಳೆದರೆ 1360. ಸಂಪರ್ಕ ಶುರುವಾಗುವಾಗಲೇ ಎರಡೂ ತುದಿ 'ಇದಕ್ಕಿಂತ ದೊಡ್ಡ ತುಂಡು ಬೇಡ' ಅಂತ ಒಪ್ಪಿಕೊಳ್ಳುತ್ತೆ, ಐಸಿಎಂಪಿಯ ಹಂಗೇ ಇಲ್ಲ. ಸ್ಟೋರೇಜ್‌ನ ಬ್ರಾಡ್‌ಕಾಸ್ಟ್ ಡೊಮೈನ್ ಎಂಟಿಯು 1400ಕ್ಕೆ ಇಳಿಸುವುದು ಇನ್ನೊಂದು ದಾರಿ. ಅದಕ್ಕೆ ಕೈ ಹಾಕಬೇಡಿ. ಆ ಡೊಮೈನ್‌ನಲ್ಲಿರೋ ಎಲ್ಲ ಪೋರ್ಟ್‌ಗೂ ಅದು ತಗಲುತ್ತೆ. ಇಂಟರ್‌ಕ್ಲಸ್ಟರ್ ಲಿಫ್ ಮತ್ತು ಡೇಟಾ ಲಿಫ್ ಒಂದೇ ಪೋರ್ಟ್ ಹಂಚಿಕೊಂಡಿದ್ದರೆ ಕಚೇರಿಯ ಫೈಲ್ ಸರ್ವಿಸ್ ಅರೆಗಳಿಗೆ ತಟಕ್ ಅನ್ನುತ್ತೆ.

ಎಂಎಸ್‌ಎಸ್ ಕಟ್ಟಿದ ಮೇಲೆ ಹಳೆ ಟಿಸಿಪಿ ಸಂಪರ್ಕಗಳು ಹಳೆ ಅಳತೆಯಲ್ಲೇ ಇರುತ್ತೆ. ನಡೀತಿರೋ ವರ್ಗಾವಣೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಹೇಗೆ ನಿಲ್ಲಿಸಬೇಕು ಅಂತ ಕಾನುಮನೆಯವರು ಹೇಳಲಿ, ಅಲ್ಲೊಂದು ಎಚ್ಚರ ಬೇಕು.

ಈಗ ಪ್ಯಾಕೆಟ್ ನಷ್ಟ. ಸಾವಿರಕ್ಕೆ 9, ಅಂದ್ರೆ ಸುಮಾರು ಶೇ 1. ಓದೋಕೆ ಚಿಕ್ಕದು, ಆದ್ರೆ ಟಿಸಿಪಿಗೆ ಇದು ದೊಡ್ಡ ಹೊಡೆತ. 21 ಮಿಲಿಸೆಕೆಂಡ್ ದಾರಿ, 1360 ಬೈಟ್ ತುಂಡು, ಶೇ 1 ನಷ್ಟ: ಒಂದು ಟಿಸಿಪಿ ಹರಿವಿಗೆ ಸಿಗೋದು ಅಂದಾಜು 6 ಎಂಬಿಪಿಎಸ್. ಅದೇ ನಷ್ಟ ಹತ್ತು ಸಾವಿರಕ್ಕೆ ಒಂದಕ್ಕೆ ಇಳಿದರೆ 60ರ ಮೇಲೆ, ಅಂದ್ರೆ ನಿಮ್ಮ ಪೂರ್ತಿ ಲೈನ್. ಎಂಎಸ್‌ಎಸ್ ಸರಿ ಮಾಡಿ ನಷ್ಟ ಹಾಗೇ ಬಿಟ್ಟರೆ ಮಿರರ್ ಓಡುತ್ತೆ, ಕುಂಟುತ್ತಾ ಓಡುತ್ತೆ.

ಶಿವಮೊಗ್ಗದಿಂದ ಸಾಗರ 70 ಚಿಲ್ಲರೆ ಕಿಲೋಮೀಟರ್. ನೇರ ಫೈಬರ್‌ನಲ್ಲಿ ಬೆಳಕು ಹೋಗಿ ಬರೋಕೆ ಒಂದು ಮಿಲಿಸೆಕೆಂಡೂ ಬೇಡ. 21 ಆಗ್ತಿದೆ ಅಂದ್ರೆ ಪ್ಯಾಕೆಟ್ ಕುಂಸಿ, ಚೋರಡಿ, ಆನಂದಪುರದ ದಾರಿ ಹಿಡಿದಿಲ್ಲ, ಎಲ್ಲೋ ದೂರದ ರೂಟರ್ ಸುತ್ತಿ ಬರ್ತಿದೆ. ಅದನ್ನು ನೀವು ಬದಲಿಸೋಕಾಗಲ್ಲ. ನಷ್ಟವನ್ನು ಹಿಡಿಯಬಹುದು. ಎರಡೂ ಕಚೇರಿಯ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ (ಓಎನ್‌ಟಿ) ಒಳಪುಟದಲ್ಲಿ ಆಪ್ಟಿಕಲ್ ಆರ್‌ಎಕ್ಸ್ ಪವರ್ (ಪೆಟ್ಟಿಗೆಗೆ ಬಂದು ಮುಟ್ಟೋ ಬೆಳಕಿನ ಬಲ) ಅಂತ ಇರುತ್ತೆ. ಜಿಪಿಒಎನ್ (ಫೈಬರ್ ಬ್ರಾಡ್‌ಬ್ಯಾಂಡ್‌ನ ಒಂದು ವಿಧ) ಆಗಿದ್ದರೆ ಸಾಮಾನ್ಯ ಪೆಟ್ಟಿಗೆ ಮೈನಸ್ 8ರಿಂದ ಮೈನಸ್ 27 ಡಿಬಿಎಂ ತನಕ ತಡ್ಕೊಳ್ಳುತ್ತೆ. ಮೈನಸ್ 25ಕ್ಕಿಂತ ಕೆಳಗೆ ಇಳಿದರೆ ಮಳೆಗಾಲದಲ್ಲಿ ನಂಬೋಕಾಗಲ್ಲ.

ಮಲೆನಾಡಲ್ಲಿ ಕೇಬಲ್ ಕಂಬದಿಂದ ಕಂಬಕ್ಕೆ, ಕೆಲವೆಡೆ ಅಡಿಕೆ ಮರದ ಮೇಲೆ ಜೋತು ಬಂದಿರುತ್ತೆ. ಗಾಳಿಗೆ ಕೊಂಬೆ ಬಿದ್ದು ಕೇಬಲ್ ಮಡಚಿ ನಿಂತರೆ, ಅಥವಾ ಜಾಯಿಂಟ್ ಡಬ್ಬಿಯೊಳಗೆ ನೀರು ಇಳಿದರೆ ಬೆಳಕು ಪೂರ್ತಿ ಸಾಯಲ್ಲ, ಮಂಕಾಗುತ್ತೆ. ಲೈನ್‌ನವರು ಬಂದಾಗ ಓಟಿಡಿಆರ್ (ಫೈಬರ್‌ನಲ್ಲಿ ಬೆಳಕು ಎಲ್ಲಿ ಸೋರುತ್ತೆ ಅಂತ ಹುಡುಕುವ ಯಂತ್ರ) ಅನ್ನು 1310 ಮತ್ತು 1550 ನ್ಯಾನೊಮೀಟರ್ ಎರಡು ತರಂಗದಲ್ಲೂ ಹಾಕಿ ಅಂತ ಕೇಳಿ. ಒಂದೇ ಜಾಗದಲ್ಲಿ 1550ಕ್ಕೆ ನಷ್ಟ ಜಾಸ್ತಿ, 1310ಕ್ಕೆ ಕಮ್ಮಿ ಅಂದ್ರೆ ಅಲ್ಲಿ ಕೇಬಲ್ ಮಡಚಿದೆ. ಎರಡಕ್ಕೂ ಒಂದೇ ಸಮ ಇದ್ದರೆ ಜಾಯಿಂಟ್ ಅಥವಾ ಕನೆಕ್ಟರ್. ಇದನ್ನು ಮೊದಲೇ ಹೇಳಿದರೆ ಅವರು ಆರು ಕಂಬ ಹತ್ತೋ ಕಡೆ ಒಂದು ಹತ್ತುತ್ತಾರೆ.

ಅದಕ್ಕೂ ಮುಂಚೆ ನಿಮ್ಮ ರ್‍ಯಾಕ್‌ನ ಹಿಂದೆ ಬಗ್ಗಿ ನೋಡಿ. ಪೆಟ್ಟಿಗೆಗೆ ಹೋಗೋ ಫೈಬರ್ ಪ್ಯಾಚ್ ಕಾರ್ಡ್‌ನ ತುದಿ ಹಸಿರು ಇರಬೇಕು. ಹಸಿರಿನ ಮುಖ 8 ಡಿಗ್ರಿ ಓರೆ ಕೊಯ್ದಿರುತ್ತೆ, ನೀಲಿಯದು ಓರೆ ಇಲ್ಲ. ನೀಲಿಯನ್ನು ಹಸಿರು ತೂತಿಗೆ ಚುಚ್ಚಿದರೆ ಕೂರುತ್ತೆ, ದೀಪವೂ ಉರಿಯುತ್ತೆ, ಆದರೆ ಎರಡು ಮುಖ ಸರಿಯಾಗಿ ತಾಗಲ್ಲ, ಹಲವು ಡಿಬಿ ಅಲ್ಲೇ ಸೋರುತ್ತೆ.

---

ಕಾನುಮನೆ

ಥ್ರಾಟಲ್ ಸಮಸ್ಯೆನೇ ಸರ್, ಆದರೆ ಇದು ಎರಡನೆಯ ಬೀಗ. ಮೊದಲನೆಯದು ತೆಗೆದ ಮೇಲೆ ಇದು ಕಾಣಿಸ್ತಿತ್ತು.

ಆ ಸಂಖ್ಯೆ ಸೆಕೆಂಡಿಗೆ ಕಿಲೋಬೈಟ್, ಕಿಲೋಬಿಟ್ ಅಲ್ಲ. 1024 ಅಂದ್ರೆ ಸೆಕೆಂಡಿಗೆ 1 ಎಂಬಿ, ಲೈನ್ ಲೆಕ್ಕದಲ್ಲಿ 8 ಎಂಬಿಪಿಎಸ್ ಚಿಲ್ಲರೆ. ದಿನಕ್ಕೆ ಹೆಚ್ಚೆಂದ್ರೆ 90 ಜಿಬಿ ಸಾಗುತ್ತೆ. ದಿನದ 45 ಜಿಬಿಗೆ ಅದು ಸಾಕಾಗ್ತಿತ್ತು, ಹಾಗಾಗಿ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲ. ಈಗ 405 ಬಾಕಿ. ದಿನಕ್ಕೆ 90 ಹೋಗುತ್ತೆ, 45 ಹೊಸದಾಗಿ ಬರುತ್ತೆ, ಬಾಕಿ ಕರಗೋದು ದಿನಕ್ಕೆ 45 ಮಾತ್ರ. ಮತ್ತೆ 9 ದಿನ ಬೇಕು.

50ರ ಲೈನ್‌ನಲ್ಲಿ 4000 ಇಡಿ. ಅದು 32–33 ಎಂಬಿಪಿಎಸ್, ಕಚೇರಿ ಕೆಲಸಕ್ಕೂ ಜಾಗ ಉಳಿಯುತ್ತೆ. ಅದರ ಜತೆ 'ಆಪ್ಷನ್ಸ್ ರೆಪ್ಲಿಕೇಶನ್.ಥ್ರಾಟಲ್.ಎನೇಬಲ್' ನೋಡಿ. ಅದು ಆನ್ ಇದ್ದರೆ ಇಡೀ ಕ್ಲಸ್ಟರ್‌ಗೆ ಪ್ರತ್ಯೇಕ ಮಿತಿ ಇರುತ್ತೆ, ಎರಡರಲ್ಲಿ ಕಮ್ಮಿ ಇದ್ದದ್ದೇ ನಡೆಯೋದು.

ಪಾಲಿಸಿಯಲ್ಲಿ ನೆಟ್‌ವರ್ಕ್ ಕಂಪ್ರೆಶನ್ ಆನ್ ಮಾಡಿ: 'ಸ್ನ್ಯಾಪ್‌ಮಿರರ್ ಪಾಲಿಸಿ ಮಾಡಿಫೈ -ಈಸ್-ನೆಟ್‌ವರ್ಕ್-ಕಂಪ್ರೆಶನ್-ಎನೇಬಲ್ಡ್ ಟ್ರೂ'. ಡೇಟಾಬೇಸ್, ಎಕ್ಸೆಲ್‌ನಂಥದ್ದು ಚೆನ್ನಾಗಿ ಕುಗ್ಗುತ್ತೆ. ಸ್ಕ್ಯಾನ್ ಮಾಡಿದ ಜೆಪೆಗ್, ಪಿಡಿಎಫ್ ಕುಗ್ಗಲ್ಲ, ಅವು ಮೊದಲೇ ಕುಗ್ಗಿರೋವು. ಸಿಪಿಯು ಸ್ವಲ್ಪ ತಿನ್ನುತ್ತೆ. ಇಷ್ಟು ನಿಧಾನದ ಲೈನ್‌ಗೆ ಅದು ಗಮನಕ್ಕೂ ಬರಲ್ಲ.

ಈಗ ನಿಲ್ಲಿಸಿ ಶುರು ಮಾಡೋ ವಿಷಯ. ಥ್ರಾಟಲ್ ಬದಲಿಸಿದರೂ ನಡೀತಿರೋ ವರ್ಗಾವಣೆಗೆ ತಗಲಲ್ಲ, ಮುಂದಿನದಕ್ಕೆ ತಗಲುತ್ತೆ. ಆದ್ದರಿಂದ ಎಂಎಸ್‌ಎಸ್, ಥ್ರಾಟಲ್, ಕಂಪ್ರೆಶನ್ ಮೂರನ್ನೂ ಮೊದಲು ಮುಗಿಸಿ. ಆಮೇಲೆ ಸಾಗರದಲ್ಲಿ:

ಸ್ನ್ಯಾಪ್‌ಮಿರರ್ ಅಬಾರ್ಟ್ -ಡೆಸ್ಟಿನೇಶನ್-ಪಾತ್ (ಸಾಗರದ ಎಸ್‌ವಿಎಂ:ವಾಲ್ಯೂಮ್)

(ಎಸ್‌ವಿಎಂ ಅಂದ್ರೆ ವಾಲ್ಯೂಮ್ ಇರೋ ವರ್ಚುವಲ್ ಸರ್ವರ್.) ಇದಕ್ಕೆ '-ಹಾರ್ಡ್ ಟ್ರೂ' ಸೇರಿಸಬೇಡಿ. ವರ್ಗಾವಣೆ ನಡೆಯುವಾಗ ಸಾಗರದ ಕಡೆ ಚೆಕ್‌ಪಾಯಿಂಟ್ (ಎಲ್ಲಿವರೆಗೆ ಬಂದಿದೆ ಅನ್ನೋ ಗುರುತು) ಬರೆದುಕೊಂಡಿರುತ್ತೆ. ಸಾದಾ ಅಬಾರ್ಟ್ ಆದರೆ ಮುಂದಿನ ಸಲ ಅಲ್ಲಿಂದ ಮುಂದುವರಿಯುತ್ತೆ. ಹಾರ್ಡ್ ಕೊಟ್ಟರೆ ಚೆಕ್‌ಪಾಯಿಂಟ್ ಎಸೆದು ಆ ಸ್ನ್ಯಾಪ್‌ಶಾಟ್ಟನ್ನು ಮೊದಲಿಂದ ಶುರು ಮಾಡುತ್ತೆ. ದಿನಕ್ಕೆ ಎರಡು ಸಲ ಕರೆಂಟು ಹೋಗೋ ಕಾಲದಲ್ಲಿ ಚೆಕ್‌ಪಾಯಿಂಟೇ ಆಧಾರ. ಆಮೇಲೆ 'ಸ್ನ್ಯಾಪ್‌ಮಿರರ್ ಅಪ್‌ಡೇಟ್'.

ಓಡ್ತಿದೆಯಾ ಅಂತ ನೋಡೋಕೆ ಲ್ಯಾಗ್ ಟೈಮ್ ನೋಡಬೇಡಿ. ಲ್ಯಾಗ್ ಅನ್ನೋದು ಸಾಗರದಲ್ಲಿರೋ ಕೊನೆಯ ಪೂರ್ತಿ ಸ್ನ್ಯಾಪ್‌ಶಾಟ್ ಎಷ್ಟು ಹಳೆಯದು ಅನ್ನೋ ಲೆಕ್ಕ. ವರ್ಗಾವಣೆ ಮುಗಿಯೋ ತನಕ ಅದು ಏರ್ತಾನೇ ಇರುತ್ತೆ. 'ಟೋಟಲ್-ಪ್ರೋಗ್ರೆಸ್' ಮತ್ತು 'ಪ್ರೋಗ್ರೆಸ್-ಲಾಸ್ಟ್-ಅಪ್‌ಡೇಟೆಡ್' ನೋಡಿ. ಎರಡನೆಯದು ಹತ್ತು ನಿಮಿಷ ಅಲ್ಲಾಡದಿದ್ದರೆ ನಿಂತಿದೆ ಅಂತ ಅರ್ಥ. ಇನ್ನೊಂದು: ಅರ್ಧಕ್ಕೆ ನಿಂತ ಹಳೆ ಸ್ನ್ಯಾಪ್‌ಶಾಟ್ ಮೊದಲು ಮುಗಿಯುತ್ತೆ. ಆಗ ಲ್ಯಾಗ್ 9 ದಿನದಿಂದ 8ಕ್ಕೆ ಇಳಿದು ನಿಂತರೆ ಗಾಬರಿ ಬೇಡ, ಮುಂದಿನ ಅಪ್‌ಡೇಟ್ ಉಳಿದದ್ದನ್ನು ತರುತ್ತೆ.

ಸಾಗರದ ಅಗ್ರಿಗೇಟ್‌ನಲ್ಲಿ ಜಾಗ ಇದೆಯಾ ಅದನ್ನೂ ಒಮ್ಮೆ ನೋಡಿ, 500 ಜಿಬಿ ಖಾಲಿ ಇರಲಿ. ಮಿರರ್ ವಾಲ್ಯೂಮ್ ತಾನೇ ಬೆಳೆಯುತ್ತೆ, ಆದರೆ ಅಗ್ರಿಗೇಟ್ ತುಂಬಿದ್ದರೆ ಬೆಳೆಯೋಕೆ ಜಾಗ ಎಲ್ಲಿ? ಮತ್ತೆ ಕರೆಂಟು ಹೋಗಿ ಬಂದ ಕಡೆ 'ಕ್ಲಸ್ಟರ್ ಡೇಟ್ ಶೋ'. ಎರಡು ಕ್ಲಸ್ಟರ್ ನಡುವೆ ಸಮಯ 300 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಹೊಸ ಟನಲ್ ಹಾಕುವಾಗ ಎನ್‌ಟಿಪಿಯ (ಗಡಿಯಾರ ಹೊಂದಿಸುವ ಸೇವೆಯ) ಯುಡಿಪಿ 123 ಮರೆತಿದ್ದರೆ ಇವತ್ತಲ್ಲದಿದ್ದರೆ ನಾಳೆ ಪಿಯರಿಂಗ್ ಮುರಿಯುತ್ತೆ.

---

ಶರಾವತಿ_ಹಿನ್ನೀರು

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಹೊಸನಗರ. ಇದೇ ಥರ, ಆದರೆ ನಮಗೆ ತಡ ಆಗಿದೆ: ಮೂಲದ ಕಡೆಯ ಸ್ನ್ಯಾಪ್‌ಮಿರರ್ ಸ್ನ್ಯಾಪ್‌ಶಾಟ್ ಯಾರೋ ಅಳಿಸಿದ್ದಾರೆ. ಅಪ್‌ಡೇಟ್ ಕೊಟ್ಟರೆ ಕಾಮನ್ ಸ್ನ್ಯಾಪ್‌ಶಾಟ್ ಸಿಗಲಿಲ್ಲ ಅನ್ನುತ್ತೆ. 5 ಟಿಬಿ ಮತ್ತೆ ಕಳಿಸಲೇಬೇಕಾ? ಅದರ ಬದಲು ಸಿಂಕ್ರೊನಸ್ (ಬರೆದ ಕ್ಷಣವೇ ಎರಡೂ ಕಡೆ ಸೇರೋ ಹಾಗೆ) ಮಾಡಿಬಿಟ್ಟರೆ ಈ ಲ್ಯಾಗ್ ತಲೆನೋವೇ ಇರಲ್ಲ ಅಲ್ವಾ?

---

ಕಾನುಮನೆ

ಸಿಂಕ್ರೊನಸ್ ವಿಷಯ ಮೊದಲು ಮುಗಿಸ್ತೀನಿ. ಸ್ನ್ಯಾಪ್‌ಮಿರರ್ ಸಿಂಕ್ರೊನಸ್‌ಗೆ ಹೋಗಿ ಬರೋ ಸಮಯ 10 ಮಿಲಿಸೆಕೆಂಡ್ ಒಳಗಿರಬೇಕು. ಇಲ್ಲಿ ಕಾಣೋ 20ರ ದಾರಿಯಲ್ಲಿ ಆಗಲ್ಲ. ಆಗಿದ್ದರೂ ಪ್ರತಿ ಬರಹವೂ ಆ ದೂರ ಹೋಗಿ ಬರೋ ತನಕ ಕಾಯಬೇಕು, ಲೈನ್ ಬಿದ್ದಾಗ ಸಿಂಕ್ ಮುರಿದು ಮತ್ತೆ ಸೇರಬೇಕು. ಮಳೆಗಾಲದ ಮಲೆನಾಡಿಗೆ ಅದು ಹೊಂದಲ್ಲ ಮಾರಾಯ್ರೆ.

5 ಟಿಬಿ ಕಳಿಸಲೇಬೇಕು ಅಂತ ಇನ್ನೂ ತೀರ್ಮಾನ ಮಾಡಬೇಡಿ. ನಿಮ್ಮ ಪಾಲಿಸಿ ಮಿರರ್‌ಆಲ್‌ಸ್ನ್ಯಾಪ್‌ಶಾಟ್ಸ್ ಆಗಿದ್ದರೆ ದಿನವಹಿ, ವಾರದ ಸ್ನ್ಯಾಪ್‌ಶಾಟ್‌ಗಳೂ ಆ ಕಡೆ ಹೋಗಿರುತ್ತೆ. ಎರಡೂ ಕಡೆ 'ವಾಲ್ಯೂಮ್ ಸ್ನ್ಯಾಪ್‌ಶಾಟ್ ಶೋ -ಫೀಲ್ಡ್ಸ್ ಕ್ರಿಯೇಟ್-ಟೈಮ್' ಕೊಟ್ಟು ಪಕ್ಕಪಕ್ಕ ಇಟ್ಟು ನೋಡಿ. ಹೆಸರೂ ಹುಟ್ಟಿದ ಸಮಯವೂ ಒಂದೇ ಆಗಿರೋದು ಒಂದಾದರೂ ಸಿಕ್ಕರೆ ಅದೇ ನಿಮ್ಮ ಗಡಿಕಲ್ಲು. ಮೂರು ವಾರ ಹಳೆಯದಾದರೂ ಚಿಂತೆ ಇಲ್ಲ, ಮೂರು ವಾರದ ಬದಲಾವಣೆ ಹೋಗುತ್ತೆ, 5 ಟಿಬಿ ಅಲ್ಲ.

ಸಿಕ್ಕರೆ, ಗಮ್ಯದ ಕ್ಲಸ್ಟರ್‌ನಲ್ಲಿ (ಪ್ರತಿ ಇರೋ ಕಡೆ) 'ಸ್ನ್ಯಾಪ್‌ಮಿರರ್ ಕ್ವೀಸ್', ಆಮೇಲೆ 'ಬ್ರೇಕ್', ಆಮೇಲೆ 'ರೀಸಿಂಕ್'. ರೀಸಿಂಕ್ ತಾನೇ ಎರಡೂ ಕಡೆ ಇರುವ ಅತಿ ಹೊಸ ಸ್ನ್ಯಾಪ್‌ಶಾಟ್ ಹುಡುಕಿಕೊಳ್ಳುತ್ತೆ. ಬ್ರೇಕ್ ಆದ ಮೇಲೆ ಆ ವಾಲ್ಯೂಮ್ ಬರೆಯೋಕೆ ತೆರೆದಿರುತ್ತೆ, ಅಷ್ಟು ಹೊತ್ತು ಯಾರೂ ಅದನ್ನು ಮೌಂಟ್ ಮಾಡಬಾರದು.

ರೀಸಿಂಕ್ ಒತ್ತುವ ಮುಂಚೆ ಎಲ್ಲಿ ಕೂತಿದ್ದೀರಿ ಅಂತ ಎರಡು ಸಲ ನೋಡಿ. ಪ್ರಾಂಪ್ಟ್‌ನಲ್ಲಿ ಕ್ಲಸ್ಟರ್ ಹೆಸರು ಓದಿ. 'ಡೆಸ್ಟಿನೇಶನ್-ಪಾತ್' ಅಂತ ಬರೆದ ಜಾಗದಲ್ಲಿ ಪ್ರತಿಯ ವಾಲ್ಯೂಮ್ ಇರಬೇಕು, ಕೆಲಸದ ವಾಲ್ಯೂಮ್ ಅಲ್ಲ. ರೀಸಿಂಕ್ ಗಮ್ಯವನ್ನು ಆ ಹಳೆ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಿಸುತ್ತೆ, ಅದರ ನಂತರ ಅಲ್ಲಿ ಬರೆದದ್ದೆಲ್ಲ ಹೋಗುತ್ತೆ. ದಿಕ್ಕು ತಿರುವುಮುರುವಾದರೆ ಹೋಗೋದು ಕಚೇರಿಯ ಮೂರು ವಾರದ ಕೆಲಸ. ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಹೌದು ಅಂದ ಮೇಲೇ ಎಂಟರ್ ಒತ್ತಿ.

ಒಂದೂ ಸಿಗಲಿಲ್ಲ ಅಂದ್ರೆ ಲೈನ್ ಮೇಲೆ ಕಳಿಸಬೇಡಿ. ಪ್ರತಿಯ ಸ್ಟೋರೇಜ್ ಅನ್ನೇ ಮೂಲದ ಕಚೇರಿಗೆ ತಂದು 10 ಜಿ ಸ್ವಿಚ್‌ಗೆ ಹಾಕಿ. ಸೆಕೆಂಡಿಗೆ 300 ಎಂಬಿ ಸಿಕ್ಕರೂ 5 ಟಿಬಿಗೆ ಐದು ಗಂಟೆ ಸಾಕು. ಬಿಚ್ಚುವ ಮುಂಚೆ ಡಿಸ್ಕ್‌ಗಳಿಗೆ ಸ್ಲಾಟ್ ಸಂಖ್ಯೆಯ ಚೀಟಿ ಅಂಟಿಸಿ, ಕೇಬಲ್‌ಗಳ ಫೋಟೊ ತೆಗೆಯಿರಿ. ಡಿಸ್ಕ್‌ಗಳನ್ನು ಫೋಮ್ ಇರೋ ಪೆಟ್ಟಿಗೆಯಲ್ಲಿ ನಿಲ್ಲಿಸಿ ತನ್ನಿ. ಈ ತೇವದಲ್ಲಿ ಜೀಪಿನಿಂದ ಎಸಿ ಕೋಣೆಗೆ ತಂದ ತಕ್ಷಣ ಆನ್ ಮಾಡಬೇಡಿ, ಕೆಲವು ಗಂಟೆ ಬಿಟ್ಟು ಒಳಗೆ ಬೆವರಿದ್ದು ಆರಲಿ. ಬೇಸ್‌ಲೈನ್ (ಮೊದಲ ಪೂರ್ತಿ ನಕಲು) ಮುಗಿಸಿ ವಾಪಸ್ ಒಯ್ದ ಮೇಲೆ ಇಂಟರ್‌ಕ್ಲಸ್ಟರ್ ಲಿಫ್‌ಗೆ ಅಲ್ಲಿನ ಐಪಿ ಕೊಡಿ, ಎದುರಿನ ಕ್ಲಸ್ಟರ್‌ನಲ್ಲಿ 'ಕ್ಲಸ್ಟರ್ ಪಿಯರ್ ಮಾಡಿಫೈ -ಪಿಯರ್-ಆ್ಯಡ್ರ್ಸ್' ಹಾಕಿ ಹೊಸ ಐಪಿ ತಿಳಿಸಿ. ಪಿಯರಿಂಗ್ ಅಳಿಸಿ ಮತ್ತೆ ಮಾಡೋ ಅಗತ್ಯ ಇಲ್ಲ.

---

ಶರಾವತಿ_ಹಿನ್ನೀರು

ವಾರದ ಸ್ನ್ಯಾಪ್‌ಶಾಟ್ ಒಂದು ಎರಡೂ ಕಡೆ ಸಿಕ್ಕಿತು, ಸಮಯ ಸೆಕೆಂಡ್ ಸಮೇತ ಒಂದೇ. ನಾಳೆ ಇಬ್ಬರು ಕೂತು ರೀಸಿಂಕ್ ಮಾಡ್ತೀವಿ. ಧನ್ಯವಾದ ಅಣ್ಣ.

---

ತುಂಗಾತೀರ

ಸುದ್ದಿ ಹೇಳಬೇಕಿತ್ತು. ಸಾಗರದ ಪೆಟ್ಟಿಗೆಯಲ್ಲಿ ಆರ್‌ಎಕ್ಸ್ ಮೈನಸ್ 28.4 ಇತ್ತು. ರ್‍ಯಾಕ್ ಹಿಂದೆ ನೋಡಿದರೆ ಪ್ಯಾಚ್ ಕಾರ್ಡ್‌ನ ತುದಿ ನೀಲಿ. ಹಸಿರು ತಂದು ಹಾಕಿ ತುದಿ ಒರೆಸಿದ ಮೇಲೆ ಮೈನಸ್ 22.1. ಸಾವಿರ ಪಿಂಗ್‌ನಲ್ಲಿ ಒಂದೂ ಬೀಳಲಿಲ್ಲ.

ಎಂಎಸ್‌ಎಸ್ 1360, ಥ್ರಾಟಲ್ 4000, ಕಂಪ್ರೆಶನ್ ಆನ್, ಸಾದಾ ಅಬಾರ್ಟ್, ಅಪ್‌ಡೇಟ್. ಮೊದಲ ಸ್ನ್ಯಾಪ್‌ಶಾಟ್ ಎರಡೂವರೆ ಗಂಟೆಯಲ್ಲಿ ಮುಗೀತು, ನೀವು ಹೇಳಿದ ಹಾಗೇ ಲ್ಯಾಗ್ 8 ದಿನಕ್ಕೆ ಇಳಿದು ನಿಂತಿತು. ಉಳಿದದ್ದಕ್ಕೆ 19 ಗಂಟೆ. ಮಧ್ಯೆ ಸಾಗರದಲ್ಲಿ ಒಮ್ಮೆ ಲೈನ್ ಹೋಯ್ತು, ಬಂದ ಮೇಲೆ ನಿಂತಲ್ಲಿಂದಲೇ ಮುಂದುವರಿಯಿತು. ಅಗ್ರಿಗೇಟ್ ಶೇ 84ಕ್ಕೆ ಇಳಿದಿದೆ.

ಎರಡು ಸಂದೇಹ ಉಳಿದಿದೆ. ಸಾಗರದ ಪ್ರತಿ ನಿಜವಾಗಿ ತೆರೆಯುತ್ತಾ ಅಂತ ಮಿರರ್ ಮುರಿಯದೆ ನೋಡೋದು ಹೇಗೆ? ಲೀಸ್ಡ್ ಲೈನ್ ವಾಪಸ್ ಬಂದ ಮೇಲೆ ಎಂಎಸ್‌ಎಸ್ ತೆಗೆಯಬೇಕಾ?

---

ಕಾನುಮನೆ

ಸಾಗರದಲ್ಲಿ ಆ ವಾಲ್ಯೂಮ್‌ನಿಂದ ಫ್ಲೆಕ್ಸ್‌ಕ್ಲೋನ್ (ಬ್ಲಾಕ್‌ಗಳನ್ನು ಮತ್ತೆ ನಕಲಿಸದೆ ಹುಟ್ಟೋ, ಬರೆಯಬಹುದಾದ ಪ್ರತಿ) ಮಾಡಿ: 'ವಾಲ್ಯೂಮ್ ಕ್ಲೋನ್ ಕ್ರಿಯೇಟ್', '-ಪೇರೆಂಟ್-ಸ್ನ್ಯಾಪ್‌ಶಾಟ್' ಜಾಗದಲ್ಲಿ ಒಂದು ದಿನವಹಿ ಸ್ನ್ಯಾಪ್‌ಶಾಟ್ ಹೆಸರು. ಮಿರರ್ ತನ್ನ ಪಾಡಿಗೆ ಓಡ್ತಿರುತ್ತೆ, ಕ್ಲೋನ್ ಜಾಗವೂ ಹೆಚ್ಚೇನು ತಿನ್ನಲ್ಲ. ಅದನ್ನು ಒಂದು ಪರೀಕ್ಷಾ ಯಂತ್ರಕ್ಕೆ ಮೌಂಟ್ ಮಾಡಿ, ಡೇಟಾಬೇಸ್ ಎಬ್ಬಿಸಿ, ಹಿಂದಿನ ದಿನದ ಕೊನೆಯ ರಸೀದಿ ಸಂಖ್ಯೆ ಶಿವಮೊಗ್ಗದ್ದಕ್ಕೆ ತಾಳೆ ಆಗುತ್ತಾ ನೋಡಿ. ನೋಡಿದ ದಿನವೇ ಕ್ಲೋನ್ ಅಳಿಸಿ. ಬಿಟ್ಟರೆ ಅದು ಹಿಡಿದ ಸ್ನ್ಯಾಪ್‌ಶಾಟ್ ಬಿಡುಗಡೆ ಆಗಲ್ಲ, ಸಾಗರದ ಕಡೆ ಜಾಗ ತುಂಬೋಕೆ ಶುರುವಾಗುತ್ತೆ.

ಲ್ಯಾಗ್‌ಗೆ ಒಂದು ಎಚ್ಚರಿಕೆಯ ಮಿಂಚಂಚೆ ಕಟ್ಟಿ. ದಿನಕ್ಕೊಂದು ಸಲ ಓಡೋ ಮಿರರ್‌ಗೆ 36 ಗಂಟೆ ದಾಟಿದ ಕೂಡಲೇ ಬರಲಿ. ಆಗ ಬಾಕಿ 70 ಜಿಬಿ ಒಳಗೇ ಇರುತ್ತೆ, ಒಂದು ರಾತ್ರಿಯಲ್ಲಿ ಮುಗಿಯುತ್ತೆ.

---

ಗುಡ್ಡದ_ಲೈನ್

ಎಂಎಸ್‌ಎಸ್ ಟನಲ್ ಇಂಟರ್‌ಫೇಸ್ ಮೇಲೆ ಮಾತ್ರ ಕಟ್ಟಿದ್ದೀರಲ್ಲ, ಹಾಗೇ ಇರಲಿ. ಲೀಸ್ಡ್ ಲೈನ್‌ನಲ್ಲಿ ಓಡುವಾಗ ಅದು ತಗಲೋದೇ ಇಲ್ಲ, ಮುಂದಿನ ಸಲ ಕೇಬಲ್ ತುಂಡಾದಾಗ ಸಿದ್ಧ ಇರುತ್ತೆ. ಥ್ರಾಟಲ್ ಮಾತ್ರ 100ರ ಲೈನ್ ಬಂದ ದಿನ 8000ಕ್ಕೆ ಏರಿಸಿ.